ಗ್ರಹಣದ ಸರದಿ

ಅಮಾವಾಸ್ಯೆಯ ದಿನ ಎತ್ತಿನ ಹೆಗಲ ಮೇಲೆ ನೊಗ ಇಡಬಾರದು. ಕಮಲಾಪುರದ ಕಡೆ ಇದು ತೊಟ್ಟಿಲ ಕೂಸಿಗೂ ಗೊತ್ತಿರುವ ಮಾತು. ಇದನ್ನು ಒಂದು ಸಲವೂ ಮುರಿಯದ, ಬೇರೆ ಯಾರಾದರೂ ಹೂಡಿದರೆ ಬದುವಿನ ಮೇಲೆ ನಿಂತು ಬೈದು ಬಿಡಿಸುತ್ತಿದ್ದ ನೀಲಗಂಗಮ್ಮ, ಅರವತ್ತೆರಡನೆಯ ವಯಸ್ಸಿನಲ್ಲಿ, ಮಹಾಲಯ ಅಮಾವಾಸ್ಯೆಯ ನಸುಕಿನಲ್ಲಿ, ತಾಜಸುಲ್ತಾನಪುರದ ಬೇವಿನ ಮರದ ಕೆಳಗೆ ನಿಂತು "ಹೂಡೋ ಮೈಬೂಬ, ಹೂಡು!" ಎಂದು ಗಂಟಲು ಹರಿದುಕೊಳ್ಳುತ್ತಿದ್ದಳು.

ಬಂಡಿ ಹೊಡೆಯುವ ಮೈಬೂಬ ಜಗ್ಗಲಿಲ್ಲ. "ಅರೆ ಆಯೀ, ಎತ್ತು ನಿಮ್ಮವು, ರಿವಾಜೂ ನಿಮ್ಮದೇ. ಇಪ್ಪತ್ತು ವರ್ಷ ನೀವೇ ನನಗ ಕಲಿಸೀರಿ. ಇವತ್ತ ಹೂಡಿದ್ರ ನಾಳಿಗಿ ನೀವೇ ನನ್ನ ಚರ್ಮ ಸುಲೀತೀರಿ."

"ಸುಲಿಯಂಗಿಲ್ಲೋ! ಕಲಬುರ್ಗಿ ಇನ್ನ ಎರಡು ಹರದಾರಿ ಅದ. ಹೊತ್ತು ಏರಿದ ಮ್ಯಾಲ ಒಂದು ತಾಸಿಗಿ ಗ್ರಹಣ ಹಿಡೀತದ."

"ಹಿಡೀಲಿ. ಇಲ್ಲಿಂದ ಕಾಣಂಗಿಲ್ಲೇನು? ಸೂರ್ಯ ಏನು ಕಲಬುರ್ಗ್ಯಾಗ ಅಷ್ಟೇ ಮನಿ ಮಾಡ್ಯಾನೇನು?"

ನೀಲಗಂಗಮ್ಮನಿಗೆ ಸಿಟ್ಟು ನೆತ್ತಿಗೇರಿತು. ಗ್ರಹಣವನ್ನು ತಾನು ನೋಡುವುದು ಯಾರಿಗೆ ಬೇಕಾಗಿತ್ತು! ಅದನ್ನು ಮಗಳು ಸೂಗಮ್ಮ ನೋಡಬೇಕಿತ್ತು, ತಾನು ಹತ್ತಿರ ಇರುವಾಗಲೇ ನೋಡಬೇಕಿತ್ತು. ಹದಿನೆಂಟು ವರ್ಷದಿಂದ ಮಾತು ಬಿಟ್ಟ ಮಗಳು. ನಿನ್ನೆಯೇ ಅವಳ ಮನೆ ಸೇರಿ, ನಸುಕಿನಲ್ಲಿ ಕೈ ಹಿಡಿದು ಮಾಳಿಗೆ ಹತ್ತಿಸಬೇಕು ಎಂದೆಲ್ಲ ಲೆಕ್ಕ ಹಾಕಿ ಹೊರಟದ್ದು. ದಾರಿಯಲ್ಲಿ ಮಳೆ ಬಿತ್ತು. ಎರೆಮಣ್ಣು ನಾದಿದ ಹಿಟ್ಟಿನಂತೆ ಗಾಲಿಗೆ ಮೆತ್ತಿಕೊಂಡು, ತಾಜಸುಲ್ತಾನಪುರ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿಬಿಟ್ಟಿತು. ಈಗ ನೋಡಿದರೆ ಈ ಪುಣ್ಯಾತ್ಮ ಹೂಡಲೊಲ್ಲ.

"ಹಂಗಾರ ನೀನೂ ನಿನ್ನ ಎತ್ತೂ ಇಲ್ಲೇ ಸಂಸಾರ ಮಾಡ್ರಿ," ಎಂದವಳೇ ಬಂಡಿಯಿಂದ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಎತ್ತಿ ಸೆರಗಿಗೆ ಕಟ್ಟಿದಳು. ಸೀರೆಯನ್ನು ಮೊಣಕಾಲ ಮೇಲೆ ಎತ್ತಿ ಸಿಕ್ಕಿಸಿದಳು. ಸೊಂಟದ ಸಂಚಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಅದರಲ್ಲಿ ಮಸಿ ಹಿಡಿಸಿದ ಒಂದು ಗಾಜಿನ ಚೂರಿತ್ತು, ಒಂದು ಹುಣಸೆಬೀಜ ಇತ್ತು. ಅಷ್ಟೇ. ಹೊರಟೇಬಿಟ್ಟಳು.

ಆ ಒಂದು ಬೀಜಕ್ಕೆ ಐವತ್ತನಾಲ್ಕು ವರ್ಷದ ಕಥೆ ಇದೆ.

ನೀಲಗಂಗಮ್ಮ ಎಂಟು ವರ್ಷದ ಹುಡುಗಿಯಾಗಿದ್ದಾಗ ಅವಳ ಮುತ್ಯಾನ ಬಾಳೆತೋಟದಲ್ಲಿ ಅಲ್ಲಾಬಕ್ಷ ಎಂಬ ಮುನ್ಷಿ ಡೇರೆ ಹಾಕಿದ್ದ. ಸರ್ವೇ ದಂಡಿನ ಜೊತೆ ಬಂದವನು, ಜ್ವರ ಬಂದು ಹಿಂದೆ ಉಳಿದಿದ್ದ. ಆ ಶ್ರಾವಣದ ಅಮಾವಾಸ್ಯೆಯ ಮುಂಜಾನೆ ಗ್ರಹಣ. ಹೆಂಗಸರು ಮಕ್ಕಳನ್ನೆಲ್ಲ ಒಳಗೆ ಕೂಡಿ ಬಾಗಿಲು ಹಾಕಿದರು. ಬಾಗಿಲ ಹಲಗೆಯಲ್ಲಿ ಮೊಳೆ ಕಿತ್ತುಹೋದ ಒಂದು ತೂತು. ದಿನಾ ಅದರಿಂದ ಎದುರಿನ ಗೋಡೆಯ ಮೇಲೆ ದುಂಡನೆಯ ಬೆಳಕು ಬೀಳುತ್ತಿತ್ತು. ಅವತ್ತು ಅದು ದುಂಡಗಿರಲಿಲ್ಲ, ಯಾರೋ ಕಚ್ಚಿ ತಿಂದ ರೊಟ್ಟಿಯಂತೆ ಇತ್ತು. ನೋಡನೋಡುತ್ತ ಬಳೆಚೂರಿನಷ್ಟಾಯಿತು. ಹುಡುಗಿ ತಡೆಯಲಾರದೆ ಅಗಳಿ ಸರಿಸಿ ಹೊರಗೆ ಓಡಿದಳು. ಮುಂಜಾನೆಯೇ ಸಂಜೆಯಾಗಿತ್ತು. ಬಾಳೆಎಲೆ ಎಲ್ಲ ಕಪ್ಪಾಗಿದ್ದವು, ಆಕಾಶದಲ್ಲಿ ಒಂದು ಚಿಕ್ಕಿ ಹೊಳೆಯುತ್ತಿತ್ತು. ಹೆದರಬೇಕಾದ ಹುಡುಗಿ ಚಪ್ಪಾಳೆ ತಟ್ಟಿ ಕುಣಿದಳು.

"ಮತ್ತ ಯಾವಾಗ ಬರ್ತದ ಇದು?" ಎಂದು ಮುನ್ಷಿಯ ಬೆನ್ನು ಹತ್ತಿದಳು.

ಮುನ್ಷಿ ನಕ್ಕ. ಮರುದಿನ ಒಂದು ಬಟ್ಟೆಚೀಲದಲ್ಲಿ ಎಣಿಸಿ ಇನ್ನೂರ ಇಪ್ಪತ್ಮೂರು ಹುಣಸೆಬೀಜ ತುಂಬಿ ಕೊಟ್ಟ. "ಬೇಟೀ, ಅಮಾಸಿಗೊಂದು ಬೀಜ ತೆಗಿ. ಚೀಲ ಖಾಲಿ ಆದ ದಿನ ಇದೇ ಗ್ರಹಣ ತಿರುಗಿ ಬರ್ತದ. ಒಂದಕ್ಕೊಂದು ಹುಟ್ಟಿದ ಮಕ್ಕಳಿದ್ದಂಗ ಇವು, ಮುಖ ಒಂದೇ." ಒಂದು ಗಾಜಿನ ಚೂರನ್ನೂ ಕೊಟ್ಟ. ಬರ್ತದ ಎಂದನೇ ಹೊರತು ಎಲ್ಲಿಗೆ, ಯಾವ ಹೊತ್ತಿಗೆ ಎಂದು ಅವನು ಹೇಳಲಿಲ್ಲ. ಹುಡುಗಿಯೂ ಕೇಳಲಿಲ್ಲ. ಎಲ್ಲ ಎಡವಟ್ಟು ಅಲ್ಲೇ ಆದದ್ದು.

ಹುಟ್ಟಿದ್ದೂ ಕೊಟ್ಟದ್ದೂ ಕಮಲಾಪುರವೇ ಆದ್ದರಿಂದ ಬೀಜದ ಚೀಲ ತವರಿನಿಂದ ಗಂಡನ ಮನೆಗೆ ಬಂತು. ಹದಿನೆಂಟು ವರ್ಷಕ್ಕೆ ಮೊದಲ ಚೀಲ ಖಾಲಿಯಾಯಿತು. ಅವತ್ತು ನೀಲಗಂಗಮ್ಮ ಓಣಿಯನ್ನೇ ಉಪವಾಸ ಕೆಡವಿದಳು. ಸೂರ್ಯ ಮಾತ್ರ ದುಂಡಗೆ ಹುಟ್ಟಿ ದುಂಡಗೆ ಮುಳುಗಿದ. ಜನ ನಾಲ್ಕು ದಿನ ನಕ್ಕು ಬಿಟ್ಟರು. ಹಟಮಾರಿ ಹೆಣ್ಣು, ಮತ್ತೆ ಇನ್ನೂರ ಇಪ್ಪತ್ಮೂರು ಬೀಜ ತುಂಬಿದಳು.

ಎರಡನೆಯ ಚೀಲ ಖಾಲಿಯಾದ ದಿನವೇ ಹದಿನಾರು ವರ್ಷದ ಸೂಗಮ್ಮನನ್ನು ನೋಡಲು ಆಳಂದದಿಂದ ಏಳು ಜನ ಬಂದರು. ಹಿಂದಿನ ದಿನವೇ ಹೊರಟು, ದಾರಿಯಲ್ಲಿ ರಾತ್ರಿ ತಂಗಿ ನಡೆದು ಬಂದವರು, ಹಸಿದಿದ್ದರು. ಹೋಳಿಗೆಗೆ ಹಿಂದಿನ ರಾತ್ರಿಯೇ ಹೂರಣ ರುಬ್ಬಿಟ್ಟಾಗಿತ್ತು. ಆದರೆ ನೀಲಗಂಗಮ್ಮ ಒಲೆ ಹಚ್ಚಗೊಡಲಿಲ್ಲ. ಗ್ರಹಣ ಹಿಡಿದು ಬಿಡುವ ತನಕ ಮನೆಯಲ್ಲಿ ಬೆಂಕಿ ಕೂಡದು ಎಂದಳು. ಪಂಚಾಂಗದಲ್ಲಿ ಗ್ರಹಣವೇ ಇಲ್ಲ ಎಂದ ಜೋಯಿಸನಿಗೆ, ನಿನ್ನ ಪಂಚಾಂಗಕ್ಕೆ ಇಲಿ ಕಡಿದದ ಎಂದಳು. ಬಂದವರಲ್ಲಿ ಹಿರಿಯನೊಬ್ಬ "ಲಿಂಗ ಕಟ್ಟಿದವರಿಗಿ ಎಂಥಾ ಗ್ರಹಣರೀ, ಒಂದು ರೊಟ್ಟಿ ಕೊಡ್ರಿ," ಎಂದು ನಗುತ್ತಲೇ ಕೇಳಿದ. ಗಂಡ ದೌಲಪ್ಪ ಹೆಂಡತಿಗೆ ಕೈ ಮುಗಿದ. ಸೂಗಮ್ಮ ಹೊತ್ತೇರಿದ ಮೇಲೆ ಒಮ್ಮೆ, ನಡು ಮಧ್ಯಾಹ್ನ ಒಮ್ಮೆ, ಹೊತ್ತು ಇಳಿಯುವಾಗ ಒಮ್ಮೆ ಅಡುಗೆಮನೆಯ ಬಾಗಿಲಿಗೆ ಬಂದು, "ಅವ್ವಾ, ಈಗರೆ ಒಲಿ ಹಚ್ಚಲೇನು?" ಎಂದು ಕೇಳಿದಳು. ಮೂರು ಸಲವೂ ಅವ್ವ "ತಡಿ, ಇನ್ನೂ ಬಂದಿಲ್ಲ," ಎಂದಳು.

ಬರಲೇ ಇಲ್ಲ. ಏಳು ಜನ ಹಸಿದ ಹೊಟ್ಟೆಯಲ್ಲಿ ಎದ್ದು ಹೋದರು. ಮನೆ ಬಾಗಿಲಿಗೆ ಬಂದವರು ಉಣ್ಣದೆ ಹೋದರೆಂದರೆ ಆ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಊರಿನ ಬಾಯಿಗೆ ಮುಚ್ಚಳ ಉಂಟೇ? 'ಉಪಾಸದ ಸೂಗಮ್ಮ' ಎಂಬ ಹೆಸರು ಸಂತೆ ಸಂತೆ ತಿರುಗಿತು. ವರ್ಷ ಕಳೆದ ಮೇಲೆ ಕಲಬುರಗಿಯ ಜಗದೇವಪ್ಪ ಕೈ ಹಿಡಿದ. ಒಳ್ಳೆಯವನು. ಆದರೆ ಗಂಡನ ಮನೆಗೆ ಹೋಗುವಾಗ ಸೂಗಮ್ಮ ತಾಯಿಯ ಕಡೆ ತಿರುಗಿ ನೋಡಲಿಲ್ಲ. ಕಮಲಾಪುರಕ್ಕೆ ಮತ್ತೆ ಕಾಲಿಡಲಿಲ್ಲ. ನೀಲಗಂಗಮ್ಮ ಬಂಡಿಯಲ್ಲಿ ಬಾಳೆಹಣ್ಣಿನ ಬುಟ್ಟಿ ಕಳಿಸುತ್ತಿದ್ದಳು, ಖಾಲಿ ಬುಟ್ಟಿ ತಿರುಗಿ ಬರುತ್ತಿತ್ತು. ಮಗಳು ಹಣ್ಣು ಇಟ್ಟುಕೊಳ್ಳುತ್ತಿದ್ದಳು, ಒಂದು ಮಾತು ಕಳಿಸುತ್ತಿರಲಿಲ್ಲ.

ಆದರೂ ನೀಲಗಂಗಮ್ಮ ಮೂರನೆಯ ಚೀಲ ತುಂಬಿದ್ದಳು. ಯಾಕೆ ಎಂದು ಅವಳಿಗೇ ಗೊತ್ತಿರಲಿಲ್ಲ. ಕೈ ಸುಮ್ಮನಿರಲಿಲ್ಲ, ಅಷ್ಟೇ.

ಗುಟ್ಟು ಬಿಚ್ಚಿದ್ದು ಕಾಲುವೆಯ ನೀರು. ಕೆರೆಯ ಕಾಲುವೆಗೆ ನಾಲ್ಕು ತೋಟದವರು ಪಾಲುದಾರರು, ಒಬ್ಬೊಬ್ಬರಿಗೆ ಎಂಟು ತಾಸಿನ ಸರದಿ. ಹೀಗಾಗಿ ಯಾರ ಸರದಿಯೂ ಪ್ರತಿ ಸಲ ಅದೇ ಹೊತ್ತಿಗೆ ಬರುವುದಿಲ್ಲ. ಈ ಸಲ ಮುಂಜಾನೆ ಬಂದರೆ ಮುಂದಿನ ಸಲ ಎಂಟು ತಾಸು ಸರಿದು ಸಂಜೆ, ಅದರ ಮುಂದೆ ನಡುರಾತ್ರಿ, ನಾಲ್ಕನೆಯ ಸಲಕ್ಕೆ ಮತ್ತೆ ಮುಂಜಾನೆ. ಒಂದು ದಿನ ನೀಲಗಂಗಮ್ಮ ಪಕ್ಕದ ತೋಟದ ಭಾಗಪ್ಪನನ್ನು ಕೆಣಕಿದಳು. "ಏನೋ, ನಿನ್ನ ಸರದಿ ನೀರು ಬರಲೇ ಇಲ್ಲಲ್ಲ?"

"ನಡುರಾತ್ರ್ಯಾಗ ಬಂದು ಹೋಯ್ತು ಆಯೀ," ಎಂದ ಭಾಗಪ್ಪ. "ನೀವು ಮಲಗಿದ್ರಿ. ನೀವು ಕಾಣಲಿಲ್ಲಂದ್ರ ನೀರೇ ಹರೀಲಿಲ್ಲ ಅಂತೇನು?"

ಅವಳ ಕೈಯಲ್ಲಿದ್ದ ಸಲಿಕೆ ಕೆಸರಿಗೆ ಬಿತ್ತು. ಯಪ್ಪಾ! ಮೊದಲನೆಯದು ಮುಂಜಾನೆ ಬಂದಿತ್ತು. ಎರಡನೆಯದು ಹೊತ್ತು ಮುಳುಗಿದ ಮೇಲೆ, ಮೂರನೆಯದು ನಡುರಾತ್ರಿ ಬಂದಿದ್ದರೆ? ಗ್ರಹಣ ಬಂದಿತ್ತು, ಅವಳ ಕಣ್ಣಿಗೆ ಕಾಣುವ ಹೊತ್ತಿಗೆ ಬಂದಿರಲಿಲ್ಲ. ಸೂರ್ಯ ಯಾರದೋ ಬೇರೆ ಸೀಮೆಯ ಮೇಲಿದ್ದ. ಹಾಗಾದರೆ ನಾಲ್ಕನೆಯದು ಮುಂಜಾನೆಗೇ ಬರಬೇಕು, ಕಮಲಾಪುರದ ಮುಂಜಾನೆಗೇ! ಅವತ್ತಿನಿಂದ ಅವಳು ಇಡೀ ಊರಿಗೆ ಡಂಗುರ ಹೊಡೆದಳು. ಊರಿನವರು ಹೂಂ ಹೂಂ ಎಂದು ತಲೆಯಾಡಿಸಿ ಹಿಂದೆ ನಕ್ಕರು. ಈ ವರ್ಷ ಶ್ರಾವಣದ ಅಮಾವಾಸ್ಯೆ ಸುಮ್ಮನೆ ಕಳೆದಾಗ ಮುಂದೆಯೇ ನಕ್ಕರು. ಅವಳ ಚೀಲದಲ್ಲಿ ಇನ್ನೂ ಒಂದು ಬೀಜ ಉಳಿದಿತ್ತು. ಹೋದ ವಾರ ಅದೇ ಜೋಯಿಸ, ಅಚ್ಚಾದ ಪಂಚಾಂಗ ಹಿಡಿದು ತಾನಾಗಿಯೇ ಬಂದ. "ನೀಲವ್ವಾ, ಮಹಾಲಯ ಅಮಾಸಿಗಿ ಗ್ರಹಣ ಬರದಾರ. ಮುಂಜಾನಿ," ಎಂದ. ನೀಲಗಂಗಮ್ಮ ಅವನ ಕೈಗೆ ಇಡೀ ಬಾಳೆಗೊನೆ ಕೊಟ್ಟು ಕಳಿಸಿದಳು.

ಇನ್ನೊಮ್ಮೆ ಹೀಗೆ ಮುಂಜಾನೆಗೆ ಬರಬೇಕೆಂದರೆ ಇನ್ನೂ ಮೂರು ಚೀಲ ಬೇಕು. ಅಷ್ಟು ಆಯುಷ್ಯ ಅವಳ ಹಣೆಯಲ್ಲಿ ಬರೆದಿರಲಿಲ್ಲ. ಮಗಳಿಗೆ ತೋರಿಸಿದರೆ ಇವತ್ತು, ಇಲ್ಲದಿದ್ದರೆ ಇಲ್ಲ.

ಕಪನೂರ ದಾಟುವಾಗ ಬಿಸಿಲು ಚುರುಗುಟ್ಟತೊಡಗಿತ್ತು. ನಿಂತು, ಸಂಚಿಯಿಂದ ಗಾಜು ತೆಗೆದು ಕಣ್ಣಿಗೆ ಹಿಡಿದಳು. ಸೂರ್ಯ ದುಂಡಗಿದ್ದ. ಮತ್ತೆ ನಾಲ್ಕು ಹೊಲ ದಾಟಿ ಹಿಡಿದಳು. ಬಲಕ್ಕೆ, ಮೇಲಿನ ಅಂಚಿನಲ್ಲಿ, ಇರುವೆ ಕಚ್ಚಿದಷ್ಟು ಮುಕ್ಕಾಗಿತ್ತು.

"ಬಂತು!" ಎಂದು ಬಟಾಬಯಲಲ್ಲಿ ಕೂಗಿದಳು. "ಬಂತಲ್ಲೇ ನನ್ನವ್ವಾ, ಬಂತು!"

ಬಾವಿಕಟ್ಟೆಯಿಂದ ಕೊಡ ಹೊತ್ತು ಮನೆಗೆ ಧಾವಿಸುತ್ತಿದ್ದ ಹೆಂಗಸೊಬ್ಬಳು ಬೆಚ್ಚಿ ನಿಂತಳು. "ಯಾರು ಬಂದ್ರು ಯವ್ವಾ? ಗ್ರಹಣ ಹಿಡ್ಯೋ ಹೊತ್ತಿದು, ಒಳಗ ಬಾ. ಹಿಂಗ ಎಲ್ಲಿಗಿ ಓಡ್ತಿ?"

"ಗ್ರಹಣದ ಸಂಗಾಟೇ ಓಡಾಕತ್ತೀನಿ ತಂಗೀ! ಅದು ಬಿಡೋದ್ರಾಗ ನಾ ಮಗಳ ಮನಿ ಮುಟ್ಟಬೇಕು!"

ಕೆಸರಿನಲ್ಲಿ ಒಂದು ಚಪ್ಪಲಿ ಉಳಿದುಹೋಯಿತು, ಇನ್ನೊಂದನ್ನು ತಾನೇ ಒದ್ದು ಎಸೆದಳು. ಓಡುತ್ತ ನಡುನಡುವೆ ಗಾಜು ಹಿಡಿದು ನೋಡುವಳು, ಮುಕ್ಕು ದೊಡ್ಡದಾದಷ್ಟೂ ನಗು ಉಕ್ಕುವುದು. ಬ್ರಹ್ಮಪುರದ ಓಣಿಗೆ ಹೊಕ್ಕಾಗ ಬಿಸಿಲಿಗೆ ಒಂದು ಥರದ ಮಂಕು ಕವಿದಿತ್ತು. ಎಲ್ಲರ ಬಾಗಿಲೂ ಹಾಕಿದ್ದವು. ಜಗದೇವಪ್ಪ ಒಬ್ಬ ತನ್ನ ಮನೆಯ ಕಟ್ಟೆಯ ಮೇಲೆ ಪರಾತದಲ್ಲಿ ಅರಿಶಿನದ ನೀರು ತುಂಬಿಟ್ಟುಕೊಂಡು ಸೂರ್ಯನ ಬಿಂಬ ನೋಡುತ್ತಿದ್ದ. ಕೆಸರು ಮೆತ್ತಿದ ಅತ್ತೆಯನ್ನು ಕಂಡು ದಡಬಡಿಸಿ ಎದ್ದ.

"ಅತ್ತೀ! ನಡಕೋತ ಬಂದ್ರೇನು?"

"ಅದೆಲ್ಲ ಆಮ್ಯಾಲ. ಸೂಗಿ ಎಲ್ಲಿ?"

ಜಗದೇವಪ್ಪ ದನಿ ತಗ್ಗಿಸಿದ. "ಈಗಿತ್ಲಾಗ ಇಲ್ಲೇ ಹೊಸ್ತಿಲದಾಗ ನಿಂತಿದ್ಳು. ನೀವು ಬರೋದು ಕಂಡು ಒಳಗ ಹೋಗಿ ಅಗಳಿ ಹಾಕ್ಯಾಳ್ರಿ."

ನೀಲಗಂಗಮ್ಮ ಎರಡೂ ಕೈಯಿಂದ ಬಾಗಿಲು ಬಡಿದಳು. "ಸೂಗೀ! ತೆಗಿ ಬಾಗಿಲ! ಗ್ರಹಣ ಬಂದದ!"

ಒಳಗಿನಿಂದ ಹದಿನೆಂಟು ವರ್ಷದ ಮೇಲೆ ಮೊದಲ ಸಲ ಮಗಳ ದನಿ ಬಂತು. "ಬಂದಿರ್ತದ. ಪಂಚಾಂಗದಾಗ ಬರದಾರ, ಬಂದದ. ಅದರಾಗ ನಿಂದೇನು ದೊಡ್ಡಸ್ತಿಕಿ?"

ಬೈದರೂ ಮಾತಾಡಿದಳಲ್ಲ! ಮುದುಕಿಗೆ ಅಷ್ಟಕ್ಕೇ ಕಣ್ಣು ತುಂಬಿತು. ಆಗಲೇ ಅವಳಿಗೆ ಕಂಡದ್ದು: ಕೈ ಊರಿದ ಹಲಗೆಯಲ್ಲಿ, ಹಳೆಯ ಚಿಲಕ ಕಿತ್ತ ಜಾಗದಲ್ಲಿ, ಒಂದು ಸಣ್ಣ ತೂತು. ಪೂರ್ವಕ್ಕೆ ಮುಖ ಮಾಡಿದ ಬಾಗಿಲು.

"ತೆಗೀಬ್ಯಾಡ!" ಎಂದು ಕೂಗಿದಳು. "ಬಾಗಿಲ ತೆಗೀಬ್ಯಾಡವ್ವಾ ಸೂಗೀ, ಹಾಕೊಂಡೇ ಇರು! ಎದುರಿನ ಗ್ವಾಡಿ ನೋಡು! ಬಾಗಿಲದ ತೂತಿನ ಬೆಳಕು ಹೆಂಗ ಬಿದ್ದದ ನೋಡು!"

"ಏನೂ ಬಿದ್ದಿಲ್ಲ. ಕತ್ತಲ ಅದ."

ನೀಲಗಂಗಮ್ಮ ತೂತಿಗೆ ಕಣ್ಣು ಹಚ್ಚಿದಳು. ಮತ್ತೆ ಮೋಸವೇ? ಹಿಂದಿನಿಂದ ಜಗದೇವಪ್ಪ ಕೆಮ್ಮಿದ. "ಅತ್ತೀ, ತಪ್ಪು ತಿಳೀಬ್ಯಾಡ್ರಿ. ಬೆಳಕಿಗಿ ನೀವೇ ಅಡ್ಡ ನಿಂತೀರಿ."

ಅವಳು ಚಟ್ಟನೆ ಪಕ್ಕಕ್ಕೆ ಸರಿದಳು.

ಒಳಗಿನಿಂದ, "ಅಯ್ಯ… ಅರ್ಧ ಅದ," ಎಂಬ ದನಿ.

"ನೋಡಿದಿ? ನಾ ಎಂಟು ವರ್ಷದಾಕಿ ಇದ್ದಾಗ ಹಿಂಗೇ ಗ್ವಾಡಿ ಮ್ಯಾಲ ನೋಡೀನಿ. ಇದು ಹೊಸಾದಲ್ಲ ಸೂಗಿ, ಅದೇ ಗ್ರಹಣ, ಅದರದೇ ವಂಶ. ನಮ್ಮ ಕಾಲುವಿ ಸರದಿ ನೆನಪದ ಏನು ನಿನಗ?"

"ಯಾಕಿಲ್ಲ. ಕಂದೀಲು ಹಿಡಕೊಂಡು ನಿಂತಾಕಿ ನಾನೇ."

"ಹೇಳು ಹಂಗಾರ. ಮೊದಲ ಸರದಿ ಮುಂಜಾನಿ. ಆಮ್ಯಾಲ?"

"ಆಮ್ಯಾಲ ಸಂಜಿ," ಎಂದಿತು ಒಳಗಿನ ದನಿ, ಒಲ್ಲದ ಮನಸ್ಸಿನಿಂದ. "ಆಮ್ಯಾಲ ನಡುರಾತ್ರಿ. ಆಮ್ಯಾಲ…" ಮಾತು ಅಲ್ಲೇ ನಿಂತಿತು. ಕಾಲುವೆಯ ಬದುವಿನ ಮೇಲೆ ಬೆಳೆದ ಹುಡುಗಿಗೆ ಇನ್ನೇನು ಬಿಡಿಸಿ ಹೇಳಬೇಕು? ಬಾಗಿಲಿಗೆ ತೀರ ಹತ್ತಿರದಿಂದ ಸೂಗಮ್ಮ ಕೇಳಿದಳು. "ಆಳಂದದವರು ಬಂದಿದ್ದು ಯಾವ ಸರದಿಗಿ?"

"ನಡುರಾತ್ರಿದಕ್ಕ."

"ಅಂದ್ರ ಅವತ್ತ… ಅವರು ಎದ್ದು ಹೋಗಿ, ನಾ ಅಳಕೋತ ಮಲಗಿದಾಗ…"

"ಆವಾಗ ಬಂದಿತ್ತವ್ವಾ. ನಮಗ ರಾತ್ರಿ ಇದ್ದಾಗ ಯಾವ ಸೀಮ್ಯಾಗ ಹಗಲಿತ್ತೋ, ಅಲ್ಲಿ."

ಸೂಗಮ್ಮ ಒಳಗೆ ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಹಂಗಾರ ನೀ ಸುಳ್ಳು ಹೇಳಿರಲಿಲ್ಲ," ಎಂದಳು.

ಈ ಒಂದು ಮಾತಿಗಾಗಿ ಅಲ್ಲವೇ ನೀಲಗಂಗಮ್ಮ ಒಂದು ಚೀಲ ಬೀಜ ತೆಗೆದದ್ದು, ಎರಡು ಹರದಾರಿ ಕೆಸರಿನಲ್ಲಿ ಓಡಿದ್ದು? ಬಂತಲ್ಲ, ಕುಣಿಯಬೇಕಿತ್ತು. ಆದರೆ ಅದನ್ನು ಕೇಳಿದ ಮೇಲೆ ಕಣ್ಣೆದುರು ಬಂದದ್ದು ಸೂರ್ಯನೂ ಅಲ್ಲ, ಚಿಕ್ಕಿಯೂ ಅಲ್ಲ. ಹೂರಣದ ಪಾತ್ರೆಯ ಮುಂದೆ ಮುಖ ಬಾಡಿಸಿಕೊಂಡು ನಿಂತ ಹದಿನಾರು ವರ್ಷದ ಹುಡುಗಿ. ಮುದುಕಿ ಬಾಗಿಲಿಗೆ ಹಣೆ ಹಚ್ಚಿದಳು.

"ಸುಳ್ಳು ಹೇಳಿರಲಿಲ್ಲ ಖರೆ. ತಪ್ಪಂತೂ ಮಾಡೀನಿ ಸೂಗಿ. ಗ್ರಹಣ ಬರ್ಲಿ ಬಿಡ್ಲಿ, ಹಸದು ಬಂದವರಿಗಿ ನಾ ಒಂದು ರೊಟ್ಟಿ ಹಾಕಬೇಕಿತ್ತು. ನೀ ಮೂರು ಸಲ ಕೇಳಿದಿ. ನಾ ಸೂರ್ಯನ ಮಾರಿ ನೋಡಿದೆ, ನಿನ್ನ ಮಾರಿ ನೋಡಲಿಲ್ಲ. ತಪ್ಪಾಯ್ತವ್ವಾ."

ಅಗಳಿ ಸರಿಯಿತು.

ಸೂಗಮ್ಮನ ಕಿವಿಯ ಹತ್ತಿರ ಒಂದೆರಡು ಕೂದಲು ಬೆಳ್ಳಗಾಗಿದ್ದವು. ತಾಯಿಯನ್ನು ಮೇಲಿಂದ ಕೆಳಗೆ ನೋಡಿದಳು, ಕೆಸರಿನ ಕಾಲು, ಸೆರಗಿನಲ್ಲಿ ಜಜ್ಜಿಹೋದ ಬಾಳೆಹಣ್ಣು. "ಚಪ್ಪಲಿ ಎಲ್ಲಿ?" ಎಂದಳು.

"ಕಪನೂರದಾಗ."

"ಹುಚ್ಚಿ," ಎಂದು ಸೂಗಮ್ಮ ತಾಯಿಯ ಕೈ ಹಿಡಿದು ಕಟ್ಟೆಗೆ ಕರೆತಂದು ಕೂಡಿಸಿದಳು. ಗಾಜಿನ ಚೂರು ಕೈಯಿಂದ ಕೈಗೆ ಹೋಯಿತು. "ನನಗ ಕೊಡ್ರಿ," ಎಂದು ಜಗದೇವಪ್ಪ ಎರಡು ಸಲ ಕೇಳಿದ, ಇಬ್ಬರೂ ಕೊಡಲಿಲ್ಲ. ಕುಡುಗೋಲಿನಂತಿದ್ದ ಸೂರ್ಯ ಮೆಲ್ಲಗೆ ತುಂಬಿಕೊಳ್ಳತೊಡಗಿದ. ಮುಕ್ಕು ಕೆಳಗೆ ಜಾರಿ ಸಣ್ಣದಾಯಿತು, ಕಡೆಗೆ ಇರುವೆ ಕಚ್ಚಿದಷ್ಟು ಉಳಿಯಿತು, ಆಮೇಲೆ ಅದೂ ಇಲ್ಲ. ಓಣಿಯ ಬಾಗಿಲು ಒಂದೊಂದಾಗಿ ತೆರೆದವು. ಮಕ್ಕಳು ಹೋ ಎಂದು ಹೊರಬಿದ್ದರು. ಯಾರೋ ಅಂಗಳಕ್ಕೆ ನೀರು ಚೆಲ್ಲಿದರು. ನೀಲಗಂಗಮ್ಮ ಸಂಚಿಯಿಂದ ಕೊನೆಯ ಬೀಜ ತೆಗೆದು ಮಗಳ ಅಂಗೈಯಲ್ಲಿಟ್ಟಳು.

ಸೂಗಮ್ಮ ಬೀಜವನ್ನು ಬಿಗಿಯಾಗಿ ಹಿಡಿದುಕೊಂಡು ಒಳಗೆ ಹೋದಳು. ಪಾತ್ರೆಯ ಸದ್ದಾಯಿತು, ಕಟ್ಟಿಗೆ ಮುರಿದ ಸದ್ದಾಯಿತು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅವ್ವಾ, ಈಗರೆ ಒಲಿ ಹಚ್ಚಲೇನು?"

"ಹಚ್ಚವ್ವಾ," ಎಂದಳು ನೀಲಗಂಗಮ್ಮ. "ಹಚ್ಚು. ಭಾಳ ಹಸದೀನಿ."